ಹಬ್ಬದ ಎಣ್ಣೆ ಮತ್ತು ಬಲಗಡೆಯ ಮೂರು ಸಿಲಿಂಡರ್

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಆಕ್ಸಿಜನ್ ಪೈಪುಗಳ ಸರ್ವಿಸ್ ಮಾಡುವುದು ನನ್ನ ಕೆಲಸ. ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ. ಸೋರಿಕೆ ನೋಡುವುದು, ಒತ್ತಡ ನೋಡುವುದು, ಹಳೆಯ ವಾಷರ್ ಬದಲಿಸುವುದು, ಪುಸ್ತಕದಲ್ಲಿ ಬರೆದು ಸಹಿ ಹಾಕುವುದು. ನಾನು ಹೇಳುವ ಈ ಸಂಗತಿ ಯಾವ ಊರಿನ ಆಸ್ಪತ್ರೆಯದು ಎಂದು ಬರೆಯುವುದಿಲ್ಲ. ಅಲ್ಲಿ ಇವತ್ತೂ ರೋಗಿಗಳು ಮಲಗಿದ್ದಾರೆ. ಅವರ ಮನೆಯವರು ಇದನ್ನು ಓದಿ ಹೆದರುವುದು ಬೇಡ.

ಅದು ಖಾಸಗಿ ಆಸ್ಪತ್ರೆ, ಹದಿನೈದು ಹಾಸಿಗೆ. ಒಂದು ಸ್ಕ್ಯಾನ್ ಕೋಣೆ ಇದೆ. ಪುಪ್ಪುಸದ ರೋಗಿಗಳು ಆಕ್ಸಿಜನ್ ಇಲ್ಲದೆ ಅಂಗಾತ ಮಲಗಲಾರರು, ಮಲಗದಿದ್ದರೆ ಎದೆಯ ಸ್ಕ್ಯಾನ್ ಆಗುವುದಿಲ್ಲ. ಅದಕ್ಕಾಗಿ ಆ ಕೋಣೆಯ ಗೋಡೆಗೂ ಒಂದು ಆಕ್ಸಿಜನ್ ಔಟ್‌ಲೆಟ್ ಕೊಟ್ಟಿದ್ದಾರೆ. ನನ್ನ ಅಂದಿನ ಮುಖ್ಯ ಕೆಲಸ ಆ ಔಟ್‌ಲೆಟ್ಟಿನ ತಪಾಸಣೆ. ಅದರಲ್ಲಿ ಒತ್ತಡ ಕಡಿಮೆ ಬರುತ್ತಿದೆ ಎಂದು ಫೋನ್ ಬಂದಿತ್ತು.

ದಸರಾ ಹಬ್ಬ ಮುಗಿದು ಎರಡು ದಿನವಾಗಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಹೋದಾಗ ಗ್ಯಾಸ್ ಖೋಲಿ ನೋಡಿಕೊಳ್ಳುವ ಹಿರಿಯ ನೌಕರ ಬಾಗಿಲಲ್ಲೇ ಸಿಕ್ಕರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಜೇಬಿನಿಂದ ನಾಲ್ಕು ಬನ್ನಿ ಎಲೆ ತೆಗೆದು ನನ್ನ ಕೈಗೆ ಇಟ್ಟರು.

"ಬಂಗಾರ ತಗೊಂಡು ಬಂಗಾರದಂಗ ಇರೂಣು ತಮ್ಮಾ. ಚಲೋ ಟೈಮಿಗೆ ಬಂದಿ. ಎಡಗಡೇವು ಮುಗಿಯಾಕ ಬಂದಾವು. ಈಗ ಬಲಗಡೇವು ಚಾಲೂ ಮಾಡಾಕ ಹೊಂಟಿದ್ದೆ."

ಅವರ ಇನ್ನೊಂದು ಕೈಯಲ್ಲಿ ಸಿಲಿಂಡರಿನ ಚಾವಿ ಇತ್ತು.

ಆ ಖೋಲಿಯಲ್ಲಿ ಗೋಡೆಗೆ ಸಾಲಾಗಿ ಆರು ದೊಡ್ಡ ಸಿಲಿಂಡರ್ ನಿಲ್ಲಿಸಿರುತ್ತಾರೆ. ಎಡಕ್ಕೆ ಮೂರು, ಬಲಕ್ಕೆ ಮೂರು. ಪ್ರತಿಯೊಂದರಿಂದ ತಾಮ್ರದ ಸುರುಳಿ ಕೊಳವೆಯೊಂದು ಗೋಡೆಯ ಮೇಲಿನ ದಪ್ಪ ಪೈಪಿಗೆ ಹೋಗುತ್ತದೆ. ಒಂದು ಕಡೆಯದು ಓಡುತ್ತಿರುವಾಗ ಇನ್ನೊಂದು ಕಡೆಯದು ಕಾಯ್ದಿರಬೇಕು. ನಿಯಮದ ಪ್ರಕಾರ ಕಾಯುವ ಕಡೆಯ ಸಿಲಿಂಡರುಗಳ ಬಾಯಿ ತೆರೆದೇ ಇರಬೇಕು. ಕಾಕಾ ಮುಚ್ಚಿ ಇಡುತ್ತಿದ್ದರು. ತೆರೆದಿಟ್ಟರೆ ಗ್ಯಾಸ್ ಸೋರಿ ಹೋಗುತ್ತದೆ ಎಂದು ಅವರ ನಂಬಿಕೆ. ಹೋದ ಸಲವೂ ನಾನು ಇದಕ್ಕೆ ಬೈದಿದ್ದೆ. ಅಂದು ಅವರು ನನ್ನ ಮಾತು ಕೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಆಮೇಲೆ ಗೊತ್ತಾಯಿತು.

ಖೋಲಿ ಹಬ್ಬದ ಮನೆಯ ಹಾಗಿತ್ತು. ಆರೂ ಸಿಲಿಂಡರಿಗೆ ವಿಭೂತಿ ಪಟ್ಟೆ, ಮೇಲೆ ಒಣಗಿದ ಚೆಂಡು ಹೂವಿನ ಸರ. ನೆಲದ ಮೇಲೆ ಕೊಯ್ದ ನಿಂಬೆಹಣ್ಣು. ಇದೆಲ್ಲ ಎಲ್ಲ ಕಡೆ ಇರುತ್ತದೆ, ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಟ್ರ್ಯಾಕ್ಟರಿನಿಂದ ಹೊಲಿಗೆ ಯಂತ್ರದವರೆಗೆ ಎಲ್ಲದಕ್ಕೂ ಮಾಡುತ್ತಾರೆ. ನನ್ನ ಕಣ್ಣು ಹೋದದ್ದು ಬಲಗಡೆಯ ಹಿತ್ತಾಳೆ ನಟ್ಟುಗಳ ಮೇಲೆ. ಅವು ಬಹಳ ಮಿರುಗುತ್ತಿದ್ದವು. ಬೆರಳಿನಿಂದ ಒರೆಸಿ ಮೂಸಿ ನೋಡಿದೆ. ಕುಸುಬಿ ಎಣ್ಣೆ.

"ಕಾಕಾ, ಚಾವಿ ಕೊಡ್ರಿ ಇಲ್ಲಿ."

"ಯಾಕೋ?"

"ಮೊದಲ ಕೊಡ್ರಿ."

ಕೊಟ್ಟರು. ಕೇಳಿದಾಗ ಎಲ್ಲ ಹೇಳಿದರು, ಮುಚ್ಚಿಡುವಂಥದ್ದು ಏನೂ ಇಲ್ಲ ಎಂಬಂತೆ. ಪೂಜೆಯ ದಿನವೇ ಬಲಗಡೆಗೆ ಹೊಸ ಸಿಲಿಂಡರ್ ಬಂದಿದ್ದವು. ನಟ್ಟುಗಳು ಬಿಗಿಯಾಗಿ ತಿರುಗುತ್ತಿದ್ದವು. ಎಣ್ಣೆಯ ಬಟ್ಟಲು ಹೇಗೂ ಅಲ್ಲೇ ಇತ್ತು. ಸಿಲಿಂಡರಿನ ಬಾಯಿಗೆ, ಕೊಳವೆಯ ತಿರುಪಿನ ಆಟೆಗಳಿಗೆ, ಎಲ್ಲಕ್ಕೂ ಹಚ್ಚಿ, ತಿರುಗಿಸಿ ಕೂರಿಸಿದ್ದರು. ಎಡಗಡೆಯವು ಓಡುತ್ತಿದ್ದವು, ಬಿಚ್ಚುವಂತಿರಲಿಲ್ಲ. ಅವಕ್ಕೆ ಬರೀ ಹೂವು.

"ಗಿರಣ್ಯಾಗ ಇಪ್ಪತ್ತು ವರ್ಷ ದುಡದೇನಿ. ಹಬ್ಬದಾಗ ಎಣ್ಣಿ ಕಾಣದ ಮಶೀನು ನಾ ಎಲ್ಲೀನೂ ನೋಡಿಲ್ಲ. ಹೋದ ಸಲ ನೀನ ಅಂದೀಯಲ್ಲೋ ತಮ್ಮಾ, ನಟ್ಟು ಸಲೀಸ ತಿರುಗುವಂಗ ಇಟಗೋರಿ ಅಂತ?"

ಅಂದಿದ್ದೆ. ನೆನಪಾಯಿತು.

"ಎಣ್ಣಿ ಹಚ್ಚಬಾರದು ಅಂತ ಇಲ್ಲಿ ಬರದು ಅಂಟಿಸೇನಲ್ರಿ," ಎಂದು ಗೋಡೆಯ ಹಳದಿ ಚೀಟಿ ತೋರಿಸಿದೆ. ಚೀಟಿಯ ನಡುವೆ ದೊಡ್ಡ ಕುಂಕುಮದ ಬೊಟ್ಟು ಇತ್ತು.

"ಅದಕ್ಕೂ ಪೂಜಾ ಮಾಡೇನಿ. ಏನ್ ಬರದೈತಿ ಅದರಾಗ?"

ಚೀಟಿ ಇಂಗ್ಲಿಷಿನಲ್ಲಿತ್ತು. ಕಂಪನಿಯವರು ಕೊಟ್ಟದ್ದು, ನಾನು ಅಂಟಿಸಿದ್ದು. ನಾನು ಮೂವತ್ತು ದಾಟಿದ ಮೇಲೆ ಹತ್ತನೇ ಇಯತ್ತೆ ಪಾಸಾದವನು. ಆ ಚೀಟಿಯ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿ, ಅರ್ಥವಾದಾಗ ಖುಷಿಪಟ್ಟವನು. ಅದನ್ನು ಓದಲಾಗದವರ ಕೈಯಲ್ಲೇ ಚಾವಿ ಇರುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ತುಂಬಿದ ಸಿಲಿಂಡರಿನಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ ನೂರೈವತ್ತು ಕೆಜಿಯ ಹತ್ತಿರ ಇರುತ್ತದೆ. ಬಾಯಿ ತೆರೆದ ಕೂಡಲೇ ಆಕ್ಸಿಜನ್ ಖಾಲಿ ಕೊಳವೆಗೆ ನುಗ್ಗಿ ಕ್ಷಣದಲ್ಲಿ ಬಿಸಿಯಾಗುತ್ತದೆ. ಅಲ್ಲಿ ಎಣ್ಣೆ ಇದ್ದರೆ ಕಡ್ಡಿ ಗೀರಬೇಕಾಗಿಲ್ಲ, ತಾನೇ ಹೊತ್ತುತ್ತದೆ. ಹೊತ್ತಿದ ಮೇಲೆ ಹಿತ್ತಾಳೆಯೂ ಉರಿಯುತ್ತದೆ. ಪ್ರತಿ ಸಲ ಹೊತ್ತುತ್ತದೆ ಎಂದೇನೂ ಇಲ್ಲ. ಹತ್ತು ಸಲ ಏನೂ ಆಗದೆ ಇರಬಹುದು. ಹುಬ್ಬಳ್ಳಿಯ ತರಬೇತಿಯಲ್ಲಿ ನಮಗೆ ಒಂದು ಸುಟ್ಟ ರೆಗ್ಯುಲೇಟರ್ ತೋರಿಸಿದ್ದರು. ಕರಗಿದ ಬೆಲ್ಲದ ಹಾಗೆ ಆಗಿತ್ತು. ಅದನ್ನು ತಿರುಗಿಸಿದವನ ಬಗ್ಗೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎಡಗಡೆಯ ಒತ್ತಡದ ಮುಳ್ಳು ಇಪ್ಪತ್ತು ಕೆಜಿಗೆ ಬಂದಿತ್ತು. ವಾರ್ಡಿಗೆ ಹೋಗಿ ಸಿಸ್ಟರನ್ನು ಕೇಳಿದೆ. ನಾಲ್ಕು ಮಂದಿಗೆ ಆಕ್ಸಿಜನ್ ಹೋಗುತ್ತಿತ್ತು, ಒಟ್ಟು ನಿಮಿಷಕ್ಕೆ ಇಪ್ಪತ್ತು ಲೀಟರ್. ಲೆಕ್ಕ ಹಾಕಿದರೆ ಎಡಗಡೆಯದು ಒಂದೂ ಮುಕ್ಕಾಲು ತಾಸಿನಲ್ಲಿ ಮುಗಿಯುತ್ತದೆ.

ಇಪ್ಪತ್ತರಲ್ಲಿ ಹತ್ತು ಲೀಟರ್ ಒಬ್ಬನಿಗೇ ಬೇಕಾಗಿತ್ತು. ರಾಜೂರ ಕಡೆಯವನು, ಇನ್ನೂ ಐವತ್ತು ಆಗಿರಲಿಲ್ಲ. ಕಲ್ಲಿನ ಖಣಿಯಲ್ಲಿ ಹದಿನೆಂಟು ವರ್ಷ ಡ್ರಿಲ್ ಹಿಡಿದವನು. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಂಚದ ಮೇಲೆ ಮುಂದಕ್ಕೆ ಬಾಗಿ ಕುಳಿತಿದ್ದ. ಹೆಂಡತಿ ಬೆನ್ನು ನೀವುತ್ತಿದ್ದಳು. ನಾನು ಅವನ ಫ್ಲೋಮೀಟರ್ ನೋಡುತ್ತಿದ್ದರೆ ಮಾಸ್ಕ್ ಎತ್ತಿ ನನ್ನನ್ನು ಮಾತಾಡಿಸಿದ.

"ನೀವೇನ್ರಿ ಗಾಳಿ ಇಂಜಿನೀರು?"

"ಇಂಜಿನೀರ ಅಲ್ರಿ, ಸರ್ವಿಸ್ ಮಾಡಾಂವ."

"ಅಷ್ಟ ಆತಲ್ಲ. ನಾನೂ ಗಾಳಿ ಮಶೀನ ಹಿಡದಾಂವನ. ಕಂಪ್ರೆಸರ್. ಕಲ್ಲಿಗೆ ತೂತ ಹೊಡದೂ ಹೊಡದೂ..." ಉಸಿರು ಎಳೆದುಕೊಂಡ. "ಈಗ ಎದಿಗೇ ಬಿದ್ದಾವಂತ ನೋಡ್ರಿ."

"ಸುಮ್ನ ಕುಂದರ್ರಿ ಒಂದೀಟು," ಎಂದು ಹೆಂಡತಿ ಮಾಸ್ಕ್ ಮತ್ತೆ ಏರಿಸಿದಳು. "ಸಾಯಾಕ ಹೊಂಟ್ರೂ ಮಾತ ಬಿಡೂದಿಲ್ಲ ಇಂವಾ."

ಬೆಳಗಿನ ಜಾವ ಅವನಿಗೆ ದಮ್ಮು ಒಮ್ಮೆಲೇ ಹೆಚ್ಚಾಗಿತ್ತು. ಎಕ್ಸ್-ರೇಯಲ್ಲಿ ಎದೆಯ ಎಡಭಾಗ ಕಪ್ಪಗೆ ಕಂಡಿತ್ತು. ಪುಪ್ಪುಸದ ಹೊರಗೆ ಗಾಳಿ ತುಂಬಿಕೊಂಡಿದ್ದರೆ ಪಕ್ಕೆಯಿಂದ ನಳಿಕೆ ಹಾಕಿ ತೆಗೆಯಬೇಕು. ಪುಪ್ಪುಸವೇ ಉಬ್ಬಿ ಗುಳ್ಳೆಯಾಗಿದ್ದರೆ ನಳಿಕೆ ಹಾಕಿದರೆ ಕೊಂದಂತೆ. ಕಲ್ಲಿನ ಧೂಳು ತುಂಬಿದ ಎದೆಯಲ್ಲಿ ಎಕ್ಸ್-ರೇ ನೋಡಿ ಇದನ್ನು ಬೇರೆ ಮಾಡಲು ಬರುವುದಿಲ್ಲ, ಸ್ಕ್ಯಾನೇ ಬೇಕು. ಅದು ಗೊತ್ತಾಗದೆ ಹುಬ್ಬಳ್ಳಿಗೆ ಕಳಿಸಿದರೆ ದಾರಿಯಲ್ಲೇ ಹೋಗಬಹುದು. ಇದನ್ನೆಲ್ಲ ಡಾಕ್ಟರು ನನಗೆ ಗ್ಯಾಸ್ ಖೋಲಿಯಲ್ಲಿ ನಿಂತು ಹೇಳಿದರು. ಆಸ್ಪತ್ರೆ ಅವರದೇ.

"ಮೂರ ಸಿಲಿಂಡರ್ ತುಂಬಿ ನಿಂತಾವು. ಅವನ್ನ ನೋಡ್ಕೋತ ಮಂದಿ ಉಸರಿಲ್ದ ಸಾಯಬೇಕೇನು? ಒರಸಿ, ನಿಧಾನಕ ತಗಿ."

"ಒರಸಿದ್ರ ಹೋಗೂದಿಲ್ರಿ ಸರ್. ಆಟಿ ಒಳಗ ಕುಂತೈತಿ. ಅದಕ್ಕ ಬ್ಯಾರೆ ಔಷಧ ಬೇಕು, ಬಿಚ್ಚಿ ತೊಳೀಬೇಕು. ಅದು ಹುಬ್ಬಳ್ಳ್ಯಾಗ ಐತಿ."

"ಎಣ್ಣಿ ಹಚ್ಚಿದ್ದಕ್ಕ ಎಂದಾದರೂ ಸುಟ್ಟಿದ್ದು ನೋಡೀಯೇನು ನೀ?"

"ಸುಟ್ಟ ರೆಗ್ಯುಲೇಟರ್ ನೋಡೇನ್ರಿ. ಸುಡೂದು ನೋಡಿಲ್ಲ."

"ಮತ್ತ?"

ಖೋಲಿಯ ಆಚೆ ಗೋಡೆಗೆ ವಾರ್ಡು. ಗೋಡೆಗೆ ತಲೆ ಕೊಟ್ಟು ಹೆಣ್ಣುಮಕ್ಕಳ ಹಾಸಿಗೆಗಳು. ಅದನ್ನು ಹೇಳಿದೆ. ಡಾಕ್ಟರು ಕಾಕಾನ ಕಡೆ ನೋಡಿದರು. ಕಾಕಾ ಮುಂದೆ ಬಂದು, "ನಾ ಹಚ್ಚಿದ್ದು, ನಾನ ತಗೀತೇನ್ರಿ. ಎಲ್ಲಾರೂ ಹೊರಗ ಹೋಗ್ರಿ," ಎಂದರು. ಚಾವಿಗಾಗಿ ಕೈ ಚಾಚಿಯೇ ಇದ್ದರು. ಡಾಕ್ಟರು ಬೇಡ ಅನ್ನಲಿಲ್ಲ. ವಾರ್ಡಿನಿಂದ ಸಿಸ್ಟರ್ ಕೂಗಿದ್ದಕ್ಕೆ ಹೊರಗೆ ಹೋದರು.

ಇನ್ನು ಐದು ನಿಮಿಷ ತಡೆದರೆ ಯಾರೋ ಒಬ್ಬರು ಆ ಬಾಯಿ ತೆರೆಯುತ್ತಾರೆ ಅನ್ನಿಸಿತು. ನಾನೇ ತೆರೆದರೂ ತೆರೆಯುತ್ತಿದ್ದೆ. ಚೀಲದಿಂದ ಪಾನಾ ತೆಗೆದು ಬಲಗಡೆಯ ಮೂರೂ ಸುರುಳಿ ಕೊಳವೆಗಳನ್ನು ಎರಡೂ ತುದಿಯಿಂದ ಬಿಚ್ಚಿದೆ. ಮೇಲಿನ ಪೈಪಿನ ಆ ಕಡೆಯ ವಾಲ್ವ್ ಮುಚ್ಚಿ ತೂತುಗಳಿಗೆ ಮುಚ್ಚಳ ಹಾಕಿದೆ. ಕೊಳವೆಗಳನ್ನು ಒಯ್ದು ನನ್ನ ಗಾಡಿಯ ಡಿಕ್ಕಿಯಲ್ಲಿ ಹಾಕಿ ಕೀಲಿ ಹಾಕಿದೆ. ಕೈ ತೊಳೆದುಕೊಂಡು ಬಂದು ಡಾಕ್ಟರಿಗೆ ಹೇಳಿದೆ.

ಅವರು ಹೋಗಿ ಕೊಳವೆ ಬಿಚ್ಚಿದ ಜಾಗ ನೋಡಿ ಬಂದರು. ಆಮೇಲೆ, "ಆತು. ಈಗ ಲೆಕ್ಕ ಹೇಳು," ಎಂದರು.

ಗ್ಯಾಸ್ ಡೀಲರಿಗೆ ಫೋನ್ ಮಾಡಿದೆ. ಡ್ರೈವರ್ ಹಬ್ಬಕ್ಕೆ ಹೋಗಿದ್ದಾನೆ, ಬೇರೆಯವನನ್ನು ಹುಡುಕಿ ಕಳಿಸಲು ಮೂರು ತಾಸು ಬೇಕು ಎಂದರು. ನೂರಾ ಎಂಟಕ್ಕೆ ಮಾಡಿದರೆ ಗಾಡಿ ಬೇರೆ ಕೇಸಿನ ಮೇಲೆ ಹೋಗಿದೆ, ಬರಲು ಒಂದೂವರೆ ಎರಡು ತಾಸು ಎಂದರು. ಆಸ್ಪತ್ರೆಯಲ್ಲಿ ಗಾಳಿಯಿಂದಲೇ ಆಕ್ಸಿಜನ್ ತೆಗೆಯುವ ಎರಡು ಸಣ್ಣ ಯಂತ್ರ ಇದ್ದವು. ಒಂದರ ಜಾಳಿಗೆಯಲ್ಲಿ ಧೂಳು ಕಟ್ಟಿತ್ತು, ತೊಳೆದು ಹಾಕಿದೆ. ಕಡಿಮೆ ಆಕ್ಸಿಜನ್ ಸಾಕಾಗುವ ಇಬ್ಬರು ಮುದುಕಿಯರನ್ನು ಸಿಸ್ಟರ್ ಆ ಯಂತ್ರಗಳಿಗೆ ಬದಲಿಸಿದರು. ಗೋಡೆಯ ಪೈಪಿನ ಮೇಲೆ ಇಬ್ಬರು ಉಳಿದರು. ಒಬ್ಬರು ಹೃದಯದ ತೊಂದರೆಯ ಮಾಸ್ತರರು, ಐದು ಲೀಟರ್. ಇನ್ನೊಬ್ಬ ಕಲ್ಲಿನವನು, ಹತ್ತು. ಅಷ್ಟಕ್ಕೂ ಎರಡು ತಾಸಿನ ಮೇಲೆ ಸ್ವಲ್ಪವೇ ಸಾಲುತ್ತಿತ್ತು. ಚಕ್ರದ ಗಾಡಿಯ ಮೇಲಿನ ಸಣ್ಣ ಸಿಲಿಂಡರಿನಲ್ಲಿ ನಲವತ್ತು ಕೆಜಿ ಉಳಿದಿತ್ತು. ಸ್ಕ್ಯಾನ್ ಕೋಣೆಯ ಔಟ್‌ಲೆಟ್ ಇನ್ನೂ ಸರಿಯಾಗಿರಲಿಲ್ಲ, ಈ ಸಿಲಿಂಡರ್ ಸ್ಕ್ಯಾನಿಗೆ ಅಷ್ಟೇ ಸಾಕು.

"ಮಾಸ್ತರರದು ನಾಲ್ಕಕ್ಕ, ಇವರದು ಆರಕ್ಕ ಇಳಿಸಿದ್ರ ಡೀಲರ್ ಗಾಡಿ ಬರೂತನಕ ಬರ್ತೈತ್ರಿ," ಎಂದೆ. ಅದು ಬರೀ ಭಾಗಾಕಾರ. ಕಾಗದದ ಮೇಲೆ ಸರಿಯಾಗಿತ್ತು.

ಡಾಕ್ಟರು ಕಲ್ಲಿನವನ ಬೆರಳಿಗೆ ಹಾಕಿದ ಮೀಟರ್ ನೋಡಿದರು. ತೊಂಬತ್ತೊಂದು ಇತ್ತು. "ಇಳಸು," ಎಂದು ಮಾಸ್ತರರದನ್ನು ತಾವೇ ಇಳಿಸಲು ಆ ಕಡೆ ತಿರುಗಿದರು. ಸಿಸ್ಟರ್ ಆಚೆ ಕೋಣೆಯಲ್ಲಿದ್ದರು. ಫ್ಲೋಮೀಟರಿನ ಹತ್ತಿರ ನಿಂತವನು ನಾನೇ. ತಿರುಗಿಸಿದೆ. ಗಾಜಿನ ನಳಿಕೆಯಲ್ಲಿ ಗುಂಡು ಹತ್ತರಿಂದ ಆರಕ್ಕೆ ಇಳಿಯಿತು. ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮೀಟರ್ ಎಂಬತ್ತೈದಕ್ಕೆ ಬಂದು ಅಲ್ಲೇ ನಿಂತಿತು.

ಸ್ಕ್ಯಾನಿಗೆ ಹೊರಟಾಗ ಸಣ್ಣ ಸಿಲಿಂಡರ್ ನಾನು ತಳ್ಳಿದೆ. ಅದರಿಂದ ಹನ್ನೆರಡು ಲೀಟರ್ ಬಿಟ್ಟಿದ್ದೆವು, ಅವನಿಗೆ ಮಲಗಲು ಬರಲಿ ಎಂದು. ಆದರೂ ಅವನು ಮಲಗಲು ಒಪ್ಪಲಿಲ್ಲ. ಕೈಯಿಂದ ಬೇಡ ಬೇಡ ಎಂದು ತೋರಿಸಿದ. ಸ್ಕ್ಯಾನ್ ಮಾಡುವವರು ಹುಬ್ಬಳ್ಳಿಯಿಂದ ಹೊಸದಾಗಿ ಬಂದ ಹೆಣ್ಣುಮಗಳು. ತಲೆಯ ಕೆಳಗೆ ಎರಡು ದಿಂಬು ಇಟ್ಟು, ಅವನ ಕೈ ಹಿಡಿದುಕೊಂಡು ಹೇಳಿದರು.

"ಮಾವಾರ, ಎಂಟು ಎಣಸೂತನಕ ಅಷ್ಟ. ನಾ ಹೊರಗ ನಿಂತು ಲಗೂ ಲಗೂ ಎಣಸ್ತೇನಿ. ಆತಿಲ್ಲೋ?"

ಅವನು ತಲೆಯಾಡಿಸಿದ. ಎಲ್ಲರೂ ಹೊರಗೆ ಬಂದೆವು. ದಪ್ಪ ಗಾಜಿನ ಆಚೆ ಅವನು ಯಂತ್ರದೊಳಗೆ ಸರಿದ. ಉಸಿರು ಹಿಡಿಯಿರಿ ಎಂದು ಯಂತ್ರ ಹೇಳಿತು. ಮೊದಲ ಸಲ ಅವನು ಮೂರಕ್ಕೆ ಕೆಮ್ಮಿದ, ಚಿತ್ರ ಅಲುಗಿತು. ನಾನು ಒಳಗೆ ಓಡಿ ಸಿಲಿಂಡರಿನ ಮುಳ್ಳು ನೋಡಿದೆ, ಹದಿನಾಲ್ಕು. ಇನ್ನೊಂದು ಸಲ ಮಾಡಲು ಆಗುತ್ತದೆ, ಮೂರನೇ ಸಲ ಆಗುವುದಿಲ್ಲ. ಹೊರಗೆ ಬಂದು ಹಾಗೇ ಹೇಳಿದೆ. ಎರಡನೇ ಸಲ ಅವನು ಎಂಟರ ತನಕ ತಡೆದ. ಹೇಗೆ ತಡೆದನೋ ಗೊತ್ತಿಲ್ಲ. ಹೊರಗೆ ತೆಗೆದಾಗ ತುಟಿಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

ಡಾಕ್ಟರು ಪರದೆಯ ಮೇಲೆ ಒಂದೊಂದೇ ಚಿತ್ರ ಸರಿಸುತ್ತ ನೋಡಿದರು. ಗಾಳಿ ಹೊರಗಿರಲಿಲ್ಲ. ಪುಪ್ಪುಸವೇ ಉಬ್ಬಿ ಗುಳ್ಳೆಯಾಗಿತ್ತು, ಗುಳ್ಳೆ ದೊಡ್ಡದಾಗಿ ಉಳಿದದ್ದನ್ನು ಒತ್ತುತ್ತಿತ್ತು. ಕುರುಡಾಗಿ ನಳಿಕೆ ಹಾಕಿದ್ದರೆ ಅಲ್ಲೇ ಮುಗಿಯುತ್ತಿತ್ತು. ಹಾಗಾಗಿ ಸ್ಕ್ಯಾನ್ ಮಾಡಿದ್ದು ಸರಿಯಾಯಿತು. ಆದರೆ ಇಲ್ಲಿ ಮಾಡುವಂಥದ್ದೂ ಏನೂ ಉಳಿಯಲಿಲ್ಲ.

ಅವನನ್ನು ತಿರುಗಿ ಹಾಸಿಗೆಗೆ ತಂದು ಗೋಡೆಯ ಪೈಪಿಗೆ ಹಚ್ಚಿದೆವು, ಆರು ಲೀಟರಿಗೆ. ಒಂದು ತಾಸು ಹಾಗೇ ಇದ್ದ. ನಾನು ಗ್ಯಾಸ್ ಖೋಲಿಗೂ ವಾರ್ಡಿಗೂ ಓಡಾಡಿದೆ. ಹದಿಮೂರು, ಹನ್ನೊಂದು, ಹತ್ತು. ಸಿಸ್ಟರ್ ಒಮ್ಮೆ ಕೇಳಿದರು, "ಎಂಟಕ್ಕರ ಏರಿಸೂಣೇನ್ರಿ ಸರ್?" ನಾನು ಡಾಕ್ಟರನ್ನು ಕೇಳ್ರಿ ಎಂದೆ. ಡಾಕ್ಟರು ನನ್ನನ್ನು ಕೇಳಿದರು. ಏರಿಸಿದರೆ ಮಾಸ್ತರರಿಗೆ ಸಾಲುವುದಿಲ್ಲ ಎಂದೆ. ಯಾರೂ ಏರಿಸಲಿಲ್ಲ.

ನೂರಾ ಎಂಟು ಬಂತು, ಅದರಲ್ಲಿ ಆಕ್ಸಿಜನ್ ಇತ್ತು, ಅವನನ್ನು ಹುಬ್ಬಳ್ಳಿಗೆ ಒಯ್ದರು. ಅದಾಗಿ ಮುಕ್ಕಾಲು ತಾಸಿಗೆ ಡೀಲರ್ ಗಾಡಿಯೂ ಬಂತು. ಆಗ ಮುಳ್ಳು ಏಳರ ಮೇಲಿತ್ತು. ಮಾಸ್ತರರ ಮಗ ನನಗೆ ಚಹಾ ತರಿಸಿ ಕೊಟ್ಟ, ಏನಾಗಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ.

ಮರುದಿನ ಹುಬ್ಬಳ್ಳಿಯಿಂದ ಎಣ್ಣೆ ತೊಳೆಯುವ ಔಷಧ ತಂದು ಬಲಗಡೆಯ ಕೊಳವೆಗಳನ್ನೆಲ್ಲ ಬಿಚ್ಚಿ ತೊಳೆದೆ, ವಾಷರ್ ಎಲ್ಲ ಹೊಸವು ಹಾಕಿದೆ. ಮೂರು ಸಿಲಿಂಡರುಗಳ ಮೇಲೆ ಎಣ್ಣೆ ತಾಗಿದೆ ಎಂದು ಬರೆದು ಡೀಲರಿಗೆ ವಾಪಸ್ ಕಳಿಸಿದೆ. ಪುಸ್ತಕ ತುಂಬುವಾಗ ಡಾಕ್ಟರು, "ನೌಕರನ ಅಜಾಗರೂಕತೆ ಅಂತ ಬರಿ, ಸಾಕು," ಎಂದರು. ನಾನು ಎಣ್ಣೆಯ ವಿಷಯ ಬರೆದು, ಇದನ್ನು ತಿಳಿಯುವ ಭಾಷೆಯಲ್ಲಿ ಹೇಳಬೇಕಾದವನು ನಾನು, ಹೇಳಿರಲಿಲ್ಲ ಎಂದು ಬರೆದೆ. ಅದರಿಂದ ಕಾಕಾಗೆ ಉಪಯೋಗವೇನೂ ಆಗಲಿಲ್ಲ. ಅವರನ್ನು ಗ್ಯಾಸ್ ಖೋಲಿಯಿಂದ ತೆಗೆದು ಗೇಟಿಗೆ ಹಾಕಿದರು. ನಮ್ಮ ಕಂಪನಿಯವರು ಮಾತ್ರ ನನ್ನನ್ನು ಕರೆಸಿ, ಹೀಗೆಲ್ಲ ಬರೆಯುವವನು ನೀನೊಬ್ಬನೇ ಎಂದು ಬೈದರು.

ಕಲ್ಲಿನವನು ಹುಬ್ಬಳ್ಳಿಯಲ್ಲಿ ಮೂರನೇ ದಿನ ತೀರಿಕೊಂಡ ಎಂದು ಸಿಸ್ಟರ್ ಫೋನಿನಲ್ಲಿ ಹೇಳಿದರು. ಆರು ಲೀಟರಿಗೆ ಇಟ್ಟದ್ದರಿಂದ ಹೀಗಾಯಿತೇ ಎಂದು ಕೇಳಿದೆ. "ಹಂಗೇನಿಲ್ರಿ, ಎದಿ ಮೊದಲ ಭಾಳ ಕೆಟ್ಟಿತ್ತು," ಎಂದರು. ಡಾಕ್ಟರೂ ಅದನ್ನೇ ಹೇಳಿದರು. ಅವರು ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ಖರೇ ಹೇಳಿದರೋ ಅಳೆಯಲು ನನ್ನ ಹತ್ತಿರ ಯಾವ ಮೀಟರೂ ಇಲ್ಲ. ಆ ಮೂರು ಸಿಲಿಂಡರ್ ತೆರೆದಿದ್ದರೆ ಹೊತ್ತುತ್ತಿದ್ದವೇ ಎಂಬುದೂ ಹಾಗೆಯೇ. ಯಾರೂ ತೆರೆಯಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಮುಂದಿನ ತಿಂಗಳು ಬೇರೆ ಕೆಲಸಕ್ಕೆ ಅದೇ ಆಸ್ಪತ್ರೆಗೆ ಹೋಗಿದ್ದೆ. ಅವನ ಹೆಂಡತಿ ಸ್ಕ್ಯಾನಿನ ಕಾಗದಗಳನ್ನು ಒಯ್ಯಲು ಬಂದಿದ್ದಳು, ಯಾವುದೋ ಅರ್ಜಿಗೆ ಬೇಕಾಗಿದ್ದವು. ನನ್ನನ್ನು ನೋಡಿ ನಿಂತಳು.

"ಅಣ್ಣಾರ, ಅವತ್ತ ಗಾಳಿ ಇಳಿಸಿದಾವ್ರು ನೀವ ಅಲ್ರಿ?"

"ಹೌದ್ರಿ ಅಕ್ಕಾರ. ನಾನ."

ಯಾಕೆ ಎಂದು ಅವಳು ಕೇಳಲಿಲ್ಲ. ನಾನೇ ಹೇಳಿದೆ. ಎಣ್ಣೆ, ಬೆಂಕಿ, ಆಚೆ ಗೋಡೆಯ ವಾರ್ಡು, ಮಾಸ್ತರರು, ಬರದ ಗಾಡಿ. ಹೇಳುತ್ತ ಹೇಳುತ್ತ ನನಗೇ ಅದು ಬಹಳ ಉದ್ದ ಅನ್ನಿಸಿತು. ಅವಳು ಕೊನೆಯತನಕ ಕೇಳಿದಳು.

"ಹೌದು, ಸುಟ್ಟಿದ್ರ ಎಲ್ಲಾರೂ ಹೋಗ್ತಿದ್ರು," ಎಂದಳು. "ನೀವು ತಪ್ಪ ಮಾಡೀರಿ ಅಂತ ನಾ ಅನ್ನೂದಿಲ್ಲ. ಹತ್ತರ ಮ್ಯಾಲೆ ಇದ್ದಾಗ ಅಂವಾ ಮಾತಾಡ್ತಿದ್ದ. ಇಳಿಸಿದ ಮ್ಯಾಲೆ ಮಾತಾಡ್ಲಿಲ್ಲ. ಹುಬ್ಬಳ್ಳ್ಯಾಗ ಬಾಯಾಗ ನಳಿಗಿ ಹಾಕಿಬಿಟ್ರು. ಅದಕ್ಕ ಕೇಳಿದ್ನಿ, ಯಾರಂತ ಗುರ್ತ ಇರ್ಲಿ ಅಂತ."

ಕಾಗದದ ಲಕೋಟೆಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು.